ಗೊಂಬೆ ಸ್ಟ್ಯಾಂಡು ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೆ ಪತ್ರ

ಸಾಗರ, ಶಿವಮೊಗ್ಗ ಜಿಲ್ಲೆ
ಶ್ರಾವಣ ಮಾಸ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಈ ದಸರಾದಿಂದ ನಮ್ಮ ಮರಗೆಲಸದ ಸಹಕಾರ ಸಂಘದಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಎಂಬ ಮೂರು ಅಳತೆಯ ಗೊಂಬೆ ಸ್ಟ್ಯಾಂಡುಗಳು ಸಿಗುವುದಿಲ್ಲ. ಅವುಗಳ ಜಾಗದಲ್ಲಿ ಎತ್ತರ ಏರಿಸಿ ಇಳಿಸಬಹುದಾದ ಒಂದೇ ಸ್ಟ್ಯಾಂಡು ಮಾಡುತ್ತಿದ್ದೇವೆ. ಮಧ್ಯಮ ಅಳತೆಯದಕ್ಕೆ 280 ರೂಪಾಯಿ ಇತ್ತು, ಹೊಸದಕ್ಕೆ 420 ರೂಪಾಯಿ. ಗೊಂಬೆಯ ಸೊಂಟ ಹಿಡಿಯುತ್ತಿದ್ದ, ನಿಮ್ಮಲ್ಲಿ ಅನೇಕರಿಗೆ ಇಷ್ಟವಾಗಿದ್ದ ಹಿತ್ತಾಳೆ ಕಂಬಿ ಹೋಗಿ ಸ್ಟೇನ್‌ಲೆಸ್ ಸ್ಟೀಲ್ ಬರುತ್ತದೆ. ಬೆಲೆ ಏರಿದೆ, ಹೊಳಪು ಇಳಿದಿದೆ ಅಂತ ಅನಿಸುವುದು ಸಹಜ. ಹೀಗೆ ಯಾಕೆ ಮಾಡಿದೆವು ಅನ್ನುವುದನ್ನು ನಿಮಗೆ ಬಿಡಿಸಿ ಹೇಳಬೇಕು ಅನ್ನಿಸಿತು, ಅದಕ್ಕೇ ಈ ಪತ್ರ.

ಮೊದಲು ಗೊಂಬೆ ಕೂರಿಸುವುದು ಅಂದರೆ ಮದುವೆಯಲ್ಲಿ ತವರಿನಿಂದ ಕೊಟ್ಟ ಪಟ್ಟದ ಗೊಂಬೆ ಜೋಡಿ, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳು, ಒಂದಿಷ್ಟು ಮಣ್ಣಿನ ದೇವರುಗಳು. ಇವೆಲ್ಲ ತಮ್ಮ ಕಾಲ ಮೇಲೆ ತಾವೇ ನಿಲ್ಲುತ್ತವೆ. ಈಗ ಮೆಟ್ಟಿಲ ಮೇಲೆ ಬರುವವರ ಕುಲವೇ ಬೇರೆಯಾಗಿದೆ. ಬಡಗುತಿಟ್ಟಿನ ವೇಷ ತೊಟ್ಟ ಯಕ್ಷಗಾನದ ಗೊಂಬೆ, ಮನೆಯಲ್ಲೇ ಹೊಲಿದ ಬಟ್ಟೆ ಗೊಂಬೆ, ಮಗಳಿಗೆ ತಂದ ಬಾರ್ಬಿಗೆ ಅಜ್ಜಿ ಉಡಿಸಿದ ಇಳಕಲ್ ಸೀರೆ. ಬಾರ್ಬಿ ಹನ್ನೊಂದೂವರೆ ಇಂಚು ಎತ್ತರ. 1959ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಹೈಹೀಲ್ಸ್ ಚಪ್ಪಲಿಗೆ ಹೊಂದುವಂತೆ ಹಿಮ್ಮಡಿ ಎತ್ತಿದ ಪಾದವೇ ಅದರ ಗುರುತು, ಹಾಗಾಗಿ ತಾನಾಗಿ ನಿಲ್ಲುವುದಿಲ್ಲ. ಬಟ್ಟೆ ಗೊಂಬೆಯ ಕಾಲಲ್ಲಿ ಕಸುವೇ ಇರುವುದಿಲ್ಲ. ಇಂಥ ಗೊಂಬೆಗಳಿಗೆ ಮೂರೇ ಅಳತೆಯಲ್ಲಿ ಸ್ಟ್ಯಾಂಡು ಕೊಟ್ಟರೆ ಏನಾಗುತ್ತದೆ ಅನ್ನುವುದು ನಿಮ್ಮ ಮನೆಗಳಿಗೆ ಗೊಂಬೆ ನೋಡಲು ಬಂದಾಗ ಕಣ್ಣಿಗೆ ಬಿತ್ತು: ಗೊಂಬೆಯ ಕಾಲಡಿಗೆ ನಾಲ್ಕು ಮಡಿಕೆ ಮಾಡಿ ತುರುಕಿದ ಲಗ್ನಪತ್ರಿಕೆ. ಒಂದು ಮನೆಯಲ್ಲಿ ಪತ್ರಿಕೆ, ಇನ್ನೊಂದರಲ್ಲಿ ಬೆಂಕಿಪೊಟ್ಟಣ, ಮತ್ತೊಂದರಲ್ಲಿ ಹಲಗೆ ಚೂರು. ಮೇಲಿಂದ ರೇಷ್ಮೆ ಬಟ್ಟೆ ಮುಚ್ಚಿದ್ದರಿಂದ ಬಂದವರಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ಆ ಲಗ್ನಪತ್ರಿಕೆ ಯಾಕೆ ಬೇಕಾಯಿತು ಅನ್ನುವುದರಲ್ಲೇ ಇಡೀ ವಿಷಯ ಇದೆ. ಗೊಂಬೆಯ ಭಾರವನ್ನು ಹೊರಬೇಕಾದದ್ದು ಅದರ ಪಾದ. ಸೊಂಟ ಹಿಡಿಯುವ ಕಂಬಿಯ ಕೆಲಸ ಅದು ಆಚೀಚೆ ವಾಲದಂತೆ ನೋಡಿಕೊಳ್ಳುವುದು ಮಾತ್ರ. ಕಂಬಿ ಬೇಕಾದ್ದಕ್ಕಿಂತ ಸ್ವಲ್ಪ ಮೇಲಿದ್ದರೂ ಗೊಂಬೆ ಸೊಂಟದಿಂದ ನೇತಾಡುತ್ತದೆ. ಒಂಬತ್ತು ದಿನ ನೇತಾಡಿದರೆ ಸೀರೆಯ ನೆರಿಗೆ ಸೊಂಟದ ಹತ್ತಿರ ಮುದುರುತ್ತದೆ. ಬಟ್ಟೆ ಗೊಂಬೆಯಾದರೆ ಕಂಕುಳ ಹೊಲಿಗೆ ಸಡಿಲವಾಗುತ್ತದೆ. ವರ್ಷವಿಡೀ ಗಾಜಿನ ಬೀರುವಿನಲ್ಲಿ ನಿಲ್ಲಿಸಿಟ್ಟವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಕಂಬಿ ಕೆಳಗಿದ್ದರೆ ಹಿಡಿತ ಸೊಂಟ ಬಿಟ್ಟು ತೊಡೆಗೆ ಬರುತ್ತದೆ, ಮೇಲಿನ ಭಾರಕ್ಕೆ ಗೊಂಬೆ ಮುಂದಕ್ಕೆ ಮುಗ್ಗರಿಸಿದ ಹಾಗೆ ನಿಲ್ಲುತ್ತದೆ. ನಡುವೆ ಸರಿಯಾದ ಜಾಗ ಅನ್ನುವುದು ಒಂದೆರಡು ಮಿಲಿಮೀಟರು. ಮೂರು ಅಳತೆಯಲ್ಲಿ ಆ ಜಾಗ ಸಿಗುವುದಿಲ್ಲ, ಮೂವತ್ತು ಅಳತೆ ಮಾಡಿದರೂ ಸಿಗುವುದಿಲ್ಲ. ಸ್ಟ್ಯಾಂಡೇ ಗೊಂಬೆಗೆ ಹೊಂದಿಕೊಳ್ಳಬೇಕು.

ಏರಿಸಿ ಇಳಿಸುವುದಕ್ಕೆ ಸುಲಭದ ದಾರಿಗಳು ಇದ್ದವು. ಮರದ ಕಂಬಕ್ಕೆ ಸಾಲಾಗಿ ತೂತು ಕೊರೆದು ಕಡ್ಡಿ ಸಿಕ್ಕಿಸುವುದು ಎಲ್ಲಕ್ಕಿಂತ ಅಗ್ಗ. ಆದರೆ ತೂತಿಂದ ತೂತಿಗೆ ಒಂದು ಸೆಂಟಿಮೀಟರಾದರೂ ಅಂತರ ಬೇಕು, ಇಲ್ಲದಿದ್ದರೆ ಮರ ಸೀಳುತ್ತದೆ. ಒಂದೆರಡು ಮಿಲಿಮೀಟರಿನ ಲೆಕ್ಕದಲ್ಲಿ ಒಂದು ಸೆಂಟಿಮೀಟರು ದೊಡ್ಡ ಹೆಜ್ಜೆ. ಮತ್ತೆ ಲಗ್ನಪತ್ರಿಕೆ ಹುಡುಕಬೇಕು. ಮರದೊಳಗೆ ಮರ ಜಾರುವಂತೆ ಮಾಡಿದರೆ ನಮ್ಮ ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಗಡಗಡ ಅನ್ನುತ್ತದೆ. ಕೊಳವೆಯೊಳಗೆ ಸರಳು ಇಟ್ಟು ಪಕ್ಕದಿಂದ ಒಂದು ತಿರುಪು ಬಿಗಿಯುವುದು ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಬಗೆ. ಅದರ ತೊಂದರೆ ನಿಧಾನಕ್ಕೆ ಗೊತ್ತಾಗುತ್ತದೆ. ತಿರುಪಿನ ತುದಿ ಸರಳಿನ ಮೇಲೆ ಒಂದು ಸಣ್ಣ ಕುಳಿ ಮಾಡುತ್ತದೆ. ಮುಂದಿನ ವರ್ಷ ಬೇರೆ ಗೊಂಬೆಗೆ ಒಂದು ಮಿಲಿಮೀಟರು ಮೇಲೆ ನಿಲ್ಲಿಸಲು ಹೋದರೆ ತಿರುಪು ಜಾರಿ ಅದೇ ಹಳೆಯ ಕುಳಿಗೆ ಬಂದು ಕೂರುತ್ತದೆ. ಎಷ್ಟು ಬಿಗಿದರೂ ಅದು ತನ್ನ ಜಾಗವನ್ನೇ ಹುಡುಕುತ್ತದೆ.

ಹೊಸ ಸ್ಟ್ಯಾಂಡಿನಲ್ಲಿ ಅದಕ್ಕಾಗಿ ಒಂದು ಸೀಳುಬಳೆ ಇದೆ. ದಪ್ಪನೆಯ ಸ್ಟೀಲ್ ಬಳೆ, ಒಂದು ಕಡೆ ಸೀಳಿರುತ್ತದೆ, ಸೀಳಿನ ಎರಡು ತುಟಿಗಳನ್ನು ತಿರುಪು ಹತ್ತಿರಕ್ಕೆ ಎಳೆಯುತ್ತದೆ. ಬಿಗಿದಾಗ ಬಳೆ ಸರಳನ್ನು ಸುತ್ತಲಿಂದಲೂ ಅಪ್ಪಿ ಹಿಡಿಯುತ್ತದೆ, ಒಂದೇ ಬಿಂದುವಿನಲ್ಲಿ ಕುತ್ತುವುದಿಲ್ಲ, ಹಾಗಾಗಿ ಕುಳಿಯೂ ಬೀಳುವುದಿಲ್ಲ. ತಿರುಪಿನ ತಲೆಗೆ ನಮ್ಮಲ್ಲೇ ಕಡೆದ ಮರದ ಬಿರಡೆ ಹಾಕಿದ್ದೇವೆ. ಗೊಂಬೆ ಕೂರಿಸುವವರು ಹೆಚ್ಚಿನ ಮನೆಗಳಲ್ಲಿ ಹಿರಿಯ ಹೆಂಗಸರು. ಎಡಗೈಯಲ್ಲಿ ಗೊಂಬೆ ಹಿಡಿದುಕೊಂಡು ಬಲಗೈಯ ಎರಡೇ ಬೆರಳಲ್ಲಿ ಬಿಗಿಯಲು ಆಗಬೇಕು, ಸ್ಕ್ರೂಡ್ರೈವರ್ ಹುಡುಕುವಂತೆ ಇರಬಾರದು. ಬಿರಡೆ ಅಷ್ಟು ದಪ್ಪ ಇರುವುದು ಅದಕ್ಕೇ. ನೋಡಲು ಸಣ್ಣ ಬಿರಡೆ ಚೆಂದ ಅಂತ ನಮ್ಮ ಸದಸ್ಯರಲ್ಲೇ ಕೆಲವರು ವಾದ ಮಾಡಿದರು. ಗಂಟು ನೋಯುವ ಬೆರಳುಗಳ ಪರವಾಗಿ ಮಾತಾಡಿದವರ ಮಾತೇ ನಿಂತಿತು.

ಸರಿಯಾದ ಎತ್ತರ ಸಿಕ್ಕಿತೋ ಇಲ್ಲವೋ ಅಂತ ತಿಳಿಯುವುದು ಹೀಗೆ. ಬಿರಡೆ ಸಡಿಲಿಸಿ ಗೊಂಬೆಯ ಸೊಂಟವನ್ನು ಕಂಬಿಯೊಳಗೆ ಕೂರಿಸಿ. ಪಾದಗಳ ಅಡಿಗೆ ಒಂದು ಹಾಳೆ ಚೂರು ಇಡಿ. ಗೊಂಬೆಯನ್ನು ಹಗುರಕ್ಕೆ ಕೆಳಗೆ ಒತ್ತಿ, ಕಂಬಿ ಎಲ್ಲಿಗೆ ಬಂದು ನಿಲ್ಲುತ್ತದೋ ಅಲ್ಲಿ ಬಿಗಿಯಿರಿ. ಈಗ ಹಾಳೆಯನ್ನು ಮೆಲ್ಲಗೆ ಎಳೆಯಿರಿ. ಸರಾಗ ಬಂದರೆ ಗೊಂಬೆ ಇನ್ನೂ ನೇತಾಡುತ್ತಿದೆ ಅಂತ ಅರ್ಥ. ಕೊಂಚ ಹಿಡಿದು ಹಿಡಿದು ಬಂದರೆ ಭಾರ ಪಾದಕ್ಕೆ ಇಳಿದಿದೆ. ಬಾರ್ಬಿಯಂಥ ಹಿಮ್ಮಡಿ ಎತ್ತಿದ ಗೊಂಬೆಗೆ ಚಪ್ಪಲಿ ಹಾಕಿಯೇ ಇದನ್ನು ಮಾಡಬೇಕು. ಚಪ್ಪಲಿ ಕಳೆದುಹೋಗಿದ್ದರೆ ಕಾಲ್ಬೆರಳ ಅಡಿಗೆ ಹಾಳೆ ಇಟ್ಟು ನೋಡಿ.

ಮರದ ವಿಷಯದಲ್ಲಿ ಮಲೆನಾಡಿನವರಿಗೆ ಹೆಚ್ಚು ಹೇಳಬೇಕಾಗಿಲ್ಲ, ಆದರೆ ನಮ್ಮ ಸ್ಟ್ಯಾಂಡುಗಳು ಬಳ್ಳಾರಿ, ಕಲಬುರಗಿಗೂ ಹೋಗುತ್ತವೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಇಲ್ಲಿ ಆಷಾಢ, ಶ್ರಾವಣದಲ್ಲಿ ಗಾಳಿಯ ತೇವ ಶೇಕಡಾ 90ರ ಹತ್ತಿರ ಇದ್ದಾಗ ಹಲಗೆ ತನ್ನ ಒಣ ತೂಕದ ಶೇಕಡಾ 20ರವರೆಗೆ ನೀರು ಹೀರಿಕೊಂಡು ಕೂತಿರುತ್ತದೆ. ಬಯಲುಸೀಮೆಯ ಒಣ ಗಾಳಿಗೆ ಹೋದರೆ ಅದು ಅರ್ಧಕ್ಕೆ ಇಳಿಯುತ್ತದೆ. 12 ಸೆಂಟಿಮೀಟರು ಅಗಲದ ಪೀಠ ಇದರಲ್ಲಿ ಒಂದೆರಡು ಮಿಲಿಮೀಟರು ಕುಗ್ಗುತ್ತದೆ, ನಡುವಿನ ತೂತಿನ ಆಕಾರ ಕೆಡುತ್ತದೆ, ಅಲ್ಲಿ ನಿಲ್ಲಿಸಿದ ಕಂಬ ಅಲ್ಲಾಡುತ್ತದೆ. ಪೀಠಕ್ಕೆ ಸಾಗುವಾನಿಯನ್ನೇ ಉಳಿಸಿಕೊಂಡಿದ್ದೇವೆ. ಅದರಲ್ಲಿ ಎಣ್ಣೆಯ ಅಂಶ ಇದೆ, ಈ ಹಿಗ್ಗುವುದು ಕುಗ್ಗುವುದು ಬೇರೆ ಎಷ್ಟೋ ಮರಗಳಿಗಿಂತ ಕಡಿಮೆ. ಕಂಬವನ್ನು ಮಾತ್ರ ಇನ್ನು ಮರಕ್ಕೆ ಅಂಟಿಸುವುದಿಲ್ಲ. ಪೀಠದ ಅಡಿಯಿಂದ ವಾಷರ್ ಮತ್ತು ನಟ್ ಹಾಕಿ ಬಿಗಿಯುತ್ತೇವೆ. ನಿಮ್ಮೂರಿನ ಹವೆಗೆ ಮರ ಹೊಂದಿಕೊಂಡ ಮೇಲೆ, ಒಂದು ತಿಂಗಳು ಬಿಟ್ಟು, ಆ ನಟ್ಟನ್ನು ಒಂದು ಕಾಲು ಸುತ್ತು ಬಿಗಿದುಕೊಳ್ಳಿ.

ಹಿತ್ತಾಳೆ ಬಿಟ್ಟಿದ್ದಕ್ಕೆ ಬೇಸರ ಪಟ್ಟವರಿಗೆ ಈ ಮಾತು. ಹಿತ್ತಾಳೆಯಲ್ಲಿ ತಾಮ್ರ ಇದೆ. ತೇವಕ್ಕೆ ಅದು ಕಿಲುಬು ಹಿಡಿಯುತ್ತದೆ, ಹಸಿರು ಕಲೆ ಬಟ್ಟೆಗೆ ಇಳಿಯುತ್ತದೆ. ಪ್ಲಾಸ್ಟಿಕ್ ಗೊಂಬೆಗಳಿಗಂತೂ ಇದು ಮೈಗೇ ಸೇರಿಬಿಡುತ್ತದೆ. ಹಳೆಯ ಬಾರ್ಬಿಗಳಲ್ಲಿ ಕಿವಿಯೋಲೆಯ ಲೋಹದಿಂದ ಕಿವಿಯ ಸುತ್ತ ಹಸಿರು ಹರಡುವುದು ಗೊಂಬೆ ಸಂಗ್ರಹಿಸುವವರಿಗೆಲ್ಲ ಗೊತ್ತಿರುವ ತಲೆನೋವು, ಒಮ್ಮೆ ಇಳಿದರೆ ತೆಗೆಯುವುದು ಬಹಳ ಕಷ್ಟ. ನಾಲ್ಕು ತಿಂಗಳು ಗೋಡೆಯೇ ಬೆವರುವ ಊರಿನಲ್ಲಿ ಹಿತ್ತಾಳೆಯನ್ನು ಗೊಂಬೆಯ ಸೊಂಟಕ್ಕೆ ತಾಗಿಸಿಡುವುದು ನಮಗೆ ಸರಿ ಕಾಣಲಿಲ್ಲ. ಬರಿಯ ಕಬ್ಬಿಣಕ್ಕೆ ತುಕ್ಕು. ಕಬ್ಬಿಣದ ಮೇಲೆ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ ಏರಿಸಿದ ಕಂಬಿ ಪೇಟೆಯಲ್ಲಿ ಸಿಗುತ್ತದೆ, ಮುಟ್ಟಲು ಹಿತವಾಗಿಯೇ ಇರುತ್ತದೆ. ಆದರೆ ಪಿವಿಸಿಯನ್ನು ಮೆತ್ತಗೆ ಮಾಡಲು ಬೆರೆಸಿದ ಎಣ್ಣೆಯಂಥ ವಸ್ತು ವರ್ಷಗಳು ಕಳೆದಂತೆ ಹೊರಗೆ ಬಂದು ತಾಗಿದ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಅಂಟಂಟು ಮಾಡುತ್ತದೆ. ನಮ್ಮ ಕಂಬಿ ಸ್ಟೇನ್‌ಲೆಸ್ ಸ್ಟೀಲ್, ಅದರ ಮೇಲೆ ಬಣ್ಣ ಹಾಕದ ಹತ್ತಿ ಲಾಡಿ ಸುತ್ತಿದ್ದೇವೆ. ಲಾಡಿ ಕೊಳೆಯಾದರೆ ಬಿಚ್ಚಿ ಒಗೆಯಿರಿ, ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಎಸೆದು ಹೊಸದು ಸುತ್ತಿ. ಸೀರೆಯ ಗೊಂಬೆಗೆ ಮೇಲಿಂದ ಡಾಬು ಹಾಕಿದರೆ ಕಂಬಿ ಕಾಣುವುದೂ ಇಲ್ಲ.

ಪ್ರತಿ ಸ್ಟ್ಯಾಂಡಿನ ಜೊತೆ ಎರಡು ಬಗೆಯ ಹಿಡಿ ಕೊಡುತ್ತೇವೆ. ಸೊಂಟ ಹಿಡಿಯುವುದು ಸೀರೆ, ಲಂಗ ಉಟ್ಟ ಗೊಂಬೆಗೆ. ಎರಡು ಕಾಲಿನ ನಡುವೆ ಬರುವ ಕವಲು ಕಂಬಿ ಬಟ್ಟೆ ಗೊಂಬೆಗೆ, ಯಾಕೆಂದರೆ ಅದರ ಪಾದಕ್ಕೆ ಭಾರ ಹೊರುವ ಶಕ್ತಿ ಇಲ್ಲ, ಕೂತ ಹಾಗೆ ನಿಲ್ಲಿಸಬೇಕು. ಹಾಳೆಯ ಪರೀಕ್ಷೆ ಇದಕ್ಕೆ ಬೇಡ.

ಪೀಠದ ಬಗ್ಗೆ ಯಕ್ಷಗಾನದ ಗೊಂಬೆ ಇಟ್ಟುಕೊಂಡವರು ಗಮನಿಸಬೇಕು. ಕಿರೀಟ, ಭುಜಕೀರ್ತಿ, ಎದೆಪದಕ ಎಲ್ಲ ಮೇಲ್ಭಾಗದಲ್ಲೇ ಇರುವುದರಿಂದ ಈ ಗೊಂಬೆಯ ತಲೆಭಾರ ಜಾಸ್ತಿ. ಭಾರದ ಕೇಂದ್ರ ಪೀಠದಿಂದ 16 ಸೆಂಟಿಮೀಟರು ಮೇಲಿದ್ದು, ಪೀಠದ ಮುಂದಿನ ಎರಡು ಕಾಲುಗಳ ಗೆರೆ ಅದಕ್ಕಿಂತ 6 ಸೆಂಟಿಮೀಟರು ಮುಂದಿದ್ದರೆ ಗೊಂಬೆ ಸುಮಾರು 20 ಡಿಗ್ರಿ ವಾಲುವವರೆಗೆ ತಡೆದುಕೊಳ್ಳುತ್ತದೆ. ಕಿರೀಟದಿಂದ ಆ ಕೇಂದ್ರ 22ಕ್ಕೆ ಏರಿತು ಅಂದರೆ 15 ಡಿಗ್ರಿಗೇ ಮಗುಚುತ್ತದೆ. ಪುಟ್ಟ ಮಕ್ಕಳು ಮೆಟ್ಟಿಲ ಬಟ್ಟೆ ಹಿಡಿದು ಎಳೆಯುವ ಮನೆಯಲ್ಲಿ ಈ ಐದು ಡಿಗ್ರಿ ದೊಡ್ಡದು. ಆದ್ದರಿಂದ ಮುಂದಿನ ಎರಡು ಕಾಲುಗಳನ್ನು ಪೀಠದ ಅಡಿಯಿಂದ ಹೊರಕ್ಕೆ ತಿರುಗಿಸುವಂತೆ ಮಾಡಿದ್ದೇವೆ. ಪೂರ್ತಿ ತೆರೆದರೆ ಆ ಗೆರೆ ಭಾರದ ಕೇಂದ್ರಕ್ಕಿಂತ 9 ಸೆಂಟಿಮೀಟರು ಮುಂದೆ ಬರುತ್ತದೆ, ಕಿರೀಟದ ಗೊಂಬೆಯೂ 22 ಡಿಗ್ರಿಯವರೆಗೆ ನಿಲ್ಲುತ್ತದೆ. ಹಿಂದೆ ಒಂದೇ ಕಾಲು. ಟ್ರಂಕು, ಬೆಂಚು, ಹಲಗೆ ಒಟ್ಟಿ ಪಂಚೆ ಹಾಸಿದ ಮೆಟ್ಟಿಲು ಎಲ್ಲೂ ಪೂರ್ತಿ ಸಮ ಇರುವುದಿಲ್ಲ. ನಾಲ್ಕು ಕಾಲು ಅಂಥಲ್ಲಿ ಕುಂಟುತ್ತದೆ, ಮೂರು ಕಾಲು ಕುಂಟುವುದಿಲ್ಲ. ಮೂರು ಕಾಲಿನದು ಹಿಂಬದಿಯ ಮೂಲೆಗಳ ಕಡೆ ಸ್ವಲ್ಪ ಸುಲಭವಾಗಿ ವಾಲುತ್ತದೆ ಅನ್ನುವುದನ್ನೂ ಹೇಳಿಬಿಡಬೇಕು. ಮೆಟ್ಟಿಲಲ್ಲಿ ಹಿಂದೆ ಮೇಲಿನ ಮೆಟ್ಟಿಲೇ ಒರಗಾಗಿ ಇರುವುದರಿಂದ ಇದನ್ನು ಒಪ್ಪಿಕೊಂಡೆವು. ಒಂಟಿ ಮೇಜಿನ ನಡುವೆ ಇಡುವುದಾದರೆ ಹಿಂದಿನ ಕಾಲಿನ ಮೇಲೆ ಒಂದು ಸಣ್ಣ ಭಾರ ಇಡಿ.

ಇದೊಂದೇ ಸ್ಟ್ಯಾಂಡು 18ರಿಂದ 33 ಸೆಂಟಿಮೀಟರು ಎತ್ತರದ ಗೊಂಬೆಗಳಿಗೆ ಆಗುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಗೊಂಬೆಯ ಅಳತೆ ಕಳಿಸಿದರೆ ಬೇರೆಯಾಗಿ ಮಾಡಿಕೊಡುತ್ತೇವೆ. ಪಟ್ಟದ ಗೊಂಬೆಗೆ, ಚನ್ನಪಟ್ಟಣದ್ದಕ್ಕೆ ದಯವಿಟ್ಟು ಇದನ್ನು ಕೊಳ್ಳಬೇಡಿ, ಅವಕ್ಕೆ ಬೇಕಾಗಿಲ್ಲ. ಮಣ್ಣಿನ ಗೊಂಬೆಯ ಸೊಂಟಕ್ಕೆ ಕಂಬಿ ಬಿಗಿಯಲೇಬೇಡಿ, ಬಣ್ಣ ಎದ್ದು ಬರುತ್ತದೆ, ಬಿರುಕೂ ಬಿಡಬಹುದು.

ಬೆಲೆ ಏರಲು ಮುಖ್ಯ ಕಾರಣ ಆ ಸೀಳುಬಳೆ. ಅದನ್ನು ಗಟ್ಟಿ ಸ್ಟೀಲ್ ಸರಳಿನಿಂದ ಶಿವಮೊಗ್ಗದ ಮಾಚೇನಹಳ್ಳಿ ಕಡೆಯ ಲೇತ್ ವರ್ಕ್‌ಶಾಪಿನಲ್ಲಿ ಕಡೆಸಿ ತರುತ್ತೇವೆ. ತಗಡು ಬಗ್ಗಿಸಿ ಮಾಡಿದರೆ 60 ರೂಪಾಯಿ ಉಳಿಯುತ್ತಿತ್ತು, ಆದರೆ ತಗಡಿನ ಬಳೆ ಒಂದೆರಡು ದಸರಾಕ್ಕೆ ಬಾಯಿ ಬಿಡುತ್ತದೆ. ಮರ ಕಡೆಯುವ, ಲಾಡಿ ಸುತ್ತುವ ಕೂಲಿಯನ್ನೂ ಸ್ವಲ್ಪ ಏರಿಸಿದ್ದೇವೆ; ಇದು ಸದಸ್ಯರ ಸಭೆಯ ತೀರ್ಮಾನ.

ನಮ್ಮ ಹಳೆಯ ಸ್ಟ್ಯಾಂಡು ಇರುವವರು ಅದನ್ನು ಬಿಸಾಡಬೇಡಿ. ಅದರ ಪೀಠ ಚೆನ್ನಾಗಿಯೇ ಇರುತ್ತದೆ. ಮಧ್ಯಮ ಮತ್ತು ದೊಡ್ಡ ಪೀಠಗಳಿಗೆ ಕೂರುವಂತೆ ಹೊಸ ಕಂಬ, ಸೀಳುಬಳೆ, ಎರಡು ಹಿಡಿಗಳನ್ನು ಮಾತ್ರ 190 ರೂಪಾಯಿಗೆ ಕೊಡುತ್ತೇವೆ. ಅಂಗಡಿಗೆ ತಂದರೆ ನಾವೇ ಜೋಡಿಸಿಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ. ಹಳೆಯ ಪೀಠಕ್ಕೆ ತಿರುಗುವ ಕಾಲು ಬರುವುದಿಲ್ಲ, ಯಕ್ಷಗಾನದ ಗೊಂಬೆಗೆ ಹೊಸದನ್ನೇ ತೆಗೆದುಕೊಳ್ಳುವುದು ಒಳ್ಳೆಯದು. ಹೊಸದು ಬಿಚ್ಚಿದರೆ ಕಂಬ ಬೇರೆ, ಪೀಠ ಬೇರೆ ಆಗುತ್ತದೆ. ಹಬ್ಬ ಮುಗಿದ ಮೇಲೆ ಒಂದು ಬಟ್ಟೆ ಚೀಲದಲ್ಲಿ ಹತ್ತನ್ನು ಅಟ್ಟಕ್ಕೆ ಏರಿಸಬಹುದು.

ಪಟ್ಟದ ಗೊಂಬೆ ಕೂರಿಸುವುದು ಆಶ್ವಯುಜ ಶುದ್ಧ ಪಾಡ್ಯಕ್ಕೆ. ಗಣೇಶನ ಹಬ್ಬದೊಳಗೆ ಹೇಳಿಟ್ಟರೆ ಮಹಾಲಯ ಅಮಾವಾಸ್ಯೆಗೆ ಮುಂಚೆ ನಿಮ್ಮ ಕೈಗೆ ತಲುಪಿಸುತ್ತೇವೆ. ಒಣಗಿದ ಹಲಗೆ ಬೇಸಿಗೆಯಲ್ಲಿ ಕೂಡಿಟ್ಟಷ್ಟೇ ಇದೆ, ಮಳೆಗಾಲದಲ್ಲಿ ಹೊಸ ಮರ ಮುಟ್ಟುವುದಿಲ್ಲ. ಆ ದಾಸ್ತಾನು ಮುಗಿದ ಮೇಲೆ ಬಂದ ಬೇಡಿಕೆಗಳನ್ನು ಮುಂದಿನ ಬೇಸಿಗೆಯ ನಂತರವೇ ಪೂರೈಸುತ್ತೇವೆ, ಮುಂಗಡ ತೆಗೆದುಕೊಳ್ಳುವುದಿಲ್ಲ. ಹೇಳುವಾಗ ಗೊಂಬೆಯ ಎತ್ತರ, ಪಾದದಿಂದ ಸೊಂಟದವರೆಗಿನ ಅಳತೆ, ಸೊಂಟದ ಸುತ್ತಳತೆ, ಮತ್ತು ಅದು ಬಟ್ಟೆಯದೋ ಪ್ಲಾಸ್ಟಿಕ್ಕಿನದೋ ಇಷ್ಟನ್ನು ಬರೆದು ತಿಳಿಸಿ. ಸೊಂಟದ ಸುತ್ತಳತೆಯನ್ನು ಸೀರೆ ಉಡಿಸಿದ ಮೇಲೆ ತೆಗೆಯಿರಿ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
ಸಂಘದ ಎಲ್ಲ ಸದಸ್ಯರ ಪರವಾಗಿ