ಅದು ಗೂಬೆಯ ಮರಿಯಲ್ಲ, ಹಾಲಕ್ಕಿ

ಮಾನ್ಯರೇ,

ಚಿತ್ರದುರ್ಗದ ಸುತ್ತಮುತ್ತ ಹಳೆಯ ಹುಣಸೆ, ಬೇವಿನ ಮರಗಳ ಪೊಟರೆಗಳಲ್ಲಿ ಕಾಣುವ ಪುಟ್ಟ ಗೂಬೆಗಳನ್ನು ಅನೇಕರು ತಾಯಿ ತಪ್ಪಿದ ಮರಿಗಳೆಂದು ಭಾವಿಸಿ ಮನೆಗೆ ಒಯ್ಯುತ್ತಾರೆ. ಆದರೆ ಅವು ಹಾಲಕ್ಕಿ ಎಂಬ ಚಿಕ್ಕ ಜಾತಿಯ ಗೂಬೆಗಳು; ಪೂರ್ಣ ಬೆಳೆದ ಹಾಲಕ್ಕಿಯೂ ಸುಮಾರು 21 ಸೆಂ.ಮೀ. ಉದ್ದವಷ್ಟೇ ಇರುತ್ತದೆ. ಬೂದುಗಂದು ಮೈ, ನೆತ್ತಿ ಹಾಗೂ ಬೆನ್ನಿನ ತುಂಬ ಬಿಳಿ ಚುಕ್ಕೆಗಳು, ಹಳದಿ ಕಣ್ಣುಗಳ ಮೇಲೆ ಬಿಳಿ ಹುಬ್ಬು, ಯಾರಾದರೂ ಸಮೀಪಿಸಿದೊಡನೆ ದಿಟ್ಟಿಸುತ್ತಾ ತಲೆಯನ್ನು ಮೇಲೆ ಕೆಳಗೆ ಆಡಿಸುವ ವಿಚಿತ್ರ ರೀತಿ, ಇವೇ ಅದರ ಗುರುತು. ಅದರ ಕಾಡಿನ ಬಂಧುವಿನ ಮೈಮೇಲೆ ಚುಕ್ಕೆಗಳ ಬದಲು ಒತ್ತಾದ ಅಡ್ಡಪಟ್ಟೆಗಳಿರುತ್ತವೆ. ಹಾಲಕ್ಕಿಯನ್ನು ಅಪಶಕುನವೆಂದು ಬಗೆದು ಕಲ್ಲೆಸೆಯುವವರೂ ಇದ್ದಾರೆ. ಇಲಿ, ಜೀರುಂಡೆ, ಪತಂಗಗಳನ್ನು ತಿನ್ನುವ ಹಕ್ಕಿಯಿಂದ ರೈತನಿಗೆ ಯಾವ ಕೇಡು? ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅವು ಮರಿ ಮಾಡುವ ಕಾಲವಾದ್ದರಿಂದ, ರಸ್ತೆ ವಿಸ್ತರಣೆಗಾಗಿ ಹಳೆಯ ಮರ ಕಡಿಯುವ ಮುನ್ನ ಸಂಬಂಧಪಟ್ಟವರು ಪೊಟರೆಗಳನ್ನು ಪರೀಕ್ಷಿಸಬೇಕು.

– ಓದುಗ, ಚಿತ್ರದುರ್ಗ