ಶನಿವಾರದ ಕನ್ನಡ ತರಗತಿ: ಅಲಂಕಾರಗಳ ಅಭ್ಯಾಸ

ಎಲ್ಲರಿಗೂ ನಮಸ್ಕಾರ 🙏

ಈ ಶನಿವಾರ ಬೆಳಿಗ್ಗೆ 10ಕ್ಕೆ 7 ಮತ್ತು 8ನೇ ತರಗತಿ ಮಕ್ಕಳಿಗೆ ಅಲಂಕಾರ (ಮಾತಿಗೆ ಸೊಗಸು ಕೊಡುವ ಹೋಲಿಕೆ, ಪ್ರಾಸದಂಥವು) ಗುರುತಿಸುವ ಅಭ್ಯಾಸವಿದೆ. ಒಂದು ಗಂಟೆ ಸಾಕು. 6ನೇ ತರಗತಿಯವರಿಗೆ ರಜೆ.

ಕಳೆದ ವಾರದ ನೋಟ್‌ಬುಕ್ ನೋಡಿದೆ. 'ಅಂತೆ' ಕಂಡರೆ ಸಾಕು, ಮಕ್ಕಳು ಉಪಮೆ (ಹೋಲಿಕೆ) ಅಂತ ಬರೆದುಬಿಡುತ್ತಾರೆ. 'ನಾಳೆ ರಜೆಯಂತೆ' ಅನ್ನೋದು ಬರೀ ಕೇಳಿದ ಸುದ್ದಿ, ಅಲ್ಲಿ ಹೋಲಿಕೆಯೇ ಇಲ್ಲ ಅಲ್ವಾ? 'ಅಜ್ಜಿಯ ಕೂದಲು ಹತ್ತಿಯಂತೆ ಬೆಳ್ಳಗಿದೆ' ಅಂದರೆ ಉಪಮೆ. ಕೂದಲು ಉಪಮೇಯ (ಯಾವುದನ್ನು ಹೋಲಿಸಿದೆಯೋ ಅದು), ಹತ್ತಿ ಉಪಮಾನ (ಯಾವುದಕ್ಕೆ ಹೋಲಿಸಿದೆಯೋ ಅದು), ಬಿಳುಪು ಸಮಾನಧರ್ಮ (ಎರಡರಲ್ಲೂ ಇರುವ ಗುಣ), 'ಅಂತೆ' ವಾಚಕಪದ (ಹೋಲಿಕೆ ತೋರಿಸುವ ಪದ). 'ಮುಖಕಮಲ' ಅಂದಾಗ ಮುಖವೇ ಕಮಲ, ಅದು ರೂಪಕ. 'ಮಿಂಚು ಆಕಾಶ ಗೀರಿದ ಬೆಂಕಿಕಡ್ಡಿಯೋ ಎಂಬಂತಿತ್ತು' ಅಂದರೆ ಕಲ್ಪನೆ, ಉತ್ಪ್ರೇಕ್ಷೆ. ಇಲ್ಲೇ ಜಾಸ್ತಿ ತಪ್ಪಾಗುತ್ತಿದೆ. ಅನುಪ್ರಾಸ (ಒಂದೇ ಅಕ್ಷರ ಮತ್ತೆ ಮತ್ತೆ ಬರುವುದು) ಮಕ್ಕಳು ಕಿವಿಯಿಂದಲೇ ಹಿಡಿಯುತ್ತಾರೆ, ಚಿಂತೆ ಬೇಡ.

ಬರುವಾಗ ಪಠ್ಯಪುಸ್ತಕ, ಪೆನ್ಸಿಲ್ ಕಳಿಸಿ. ಮನೆಯಲ್ಲಿ ಆಡುವ ಮಾತಿನಿಂದಲೇ ಒಂದು ಹೋಲಿಕೆ ಬರೆದು ತರಲಿ. ನೀವು ಬರೆದುಕೊಡಬೇಡಿ, ತಪ್ಪಾದರೂ ಅವರದ್ದೇ ಇರಲಿ.

ಬರುವವರು ಶುಕ್ರವಾರ ಸಂಜೆಯೊಳಗೆ ಮಗುವಿನ ತರಗತಿ ಹಾಕಿ 'ಬರ್ತೇವೆ' ಅಂತ ಇಲ್ಲೇ ತಿಳಿಸಿ.