ಬಂಡಾಜೆ: ಬುಡಕ್ಕಲ್ಲ, ನೆತ್ತಿಗೆ ಹೋಗುವ ದಾರಿ

ಮಾನ್ಯರೇ,

ಮಳೆ ಹಿಂದೆ ಸರಿದು ಗುಡ್ಡ ತಿಳಿಯಾಗುತ್ತಿದ್ದಂತೆ ಪುರವಣಿಗಳಲ್ಲಿ ಬಂಡಾಜೆ ಅರ್ಬಿ ಎಂಬ ಜಲಪಾತದ ಚಿತ್ರ ಬರುತ್ತದೆ. ದೂರದಿಂದ ತೆಗೆದ ಬಿಳಿ ಗೆರೆ, ಅಡಿಯಲ್ಲಿ ‘200 ಅಡಿ ಎತ್ತರದಿಂದ ಧುಮ್ಮಿಕ್ಕುವ’ ಎಂಬ ಒಂದು ಸಾಲು. ಅದನ್ನು ನೋಡಿ ಹೊರಡುವ ಬಹಳ ಮಂದಿಗೆ ಒಂದು ಸಂಗತಿ ಗೊತ್ತೇ ಇರುವುದಿಲ್ಲ. ಬೆಳ್ತಂಗಡಿ ಕಡೆಯ ವಳಂಬ್ರದಿಂದ ಹತ್ತಿದರೂ, ಮೂಡಿಗೆರೆ ಕಡೆಯ ಬಲ್ಲಾಳರಾಯನ ದುರ್ಗದಿಂದ ಇಳಿದರೂ ದಾರಿ ಮುಗಿಯುವುದು ಅರ್ಬಿಯ ಬುಡದಲ್ಲಲ್ಲ, ನೆತ್ತಿಯಲ್ಲಿ. ಅಲ್ಲಿ ನಿಂತರೆ ಬೀಳುವ ನೀರು ಕಾಣುವುದಿಲ್ಲ. ಕಾಣಲೇಬೇಕೆಂದು ಬಗ್ಗುವುದರಲ್ಲೇ ಅಪಾಯ ಕೂತಿದೆ. (ತುಳುವಿನಲ್ಲಿ ಅರ್ಬಿ ಎಂದರೇ ಜಲಪಾತ. ‘ಅರ್ಬಿ ಫಾಲ್ಸ್’ ಎಂದು ಬರೆಯುವವರ ಬಗ್ಗೆ ಇನ್ನೊಮ್ಮೆ ಜಗಳ ಆಡೋಣ.)

ಚಿತ್ರದಲ್ಲಿರುವ ಆ ನೋಟ ಸಿಗುವುದು ವಳಂಬ್ರದ ದಾರಿಯಲ್ಲಿ ಹತ್ತುವಾಗ, ದೂರದಿಂದ. ಇಡೀ ಅರ್ಬಿಯನ್ನು ಅಲ್ಲೇ ಕಣ್ತುಂಬ ನೋಡಿಕೊಳ್ಳಬೇಕು, ಫೋಟೊವನ್ನೂ ಅಲ್ಲೇ ತೆಗೆದುಕೊಳ್ಳಬೇಕು. ಈ ದಾರಿ ಮೊದಲು ದಟ್ಟ ಕಾಡು, ಆಮೇಲೆ ಆಳೆತ್ತರದ ಹುಲ್ಲು. ಕಾಡಿನಲ್ಲಿ ತೊರೆ ಸಿಗುತ್ತದೆ. ಹುಲ್ಲು ಶುರುವಾದ ಮೇಲೆ ನೆತ್ತಿ ಮುಟ್ಟುವವರೆಗೆ ನೀರು ಸಿಕ್ಕೀತೆಂದು ನಂಬಬಾರದು. ನೆರಳೂ ಇಲ್ಲ. ಆದ್ದರಿಂದ ಕಾಡಿನ ಕೊನೆಯ ತೊರೆಯಲ್ಲಿ ತಲಾ ಮೂರು ಲೀಟರ್ ತುಂಬಿಸಿಕೊಂಡೇ ಮುಂದೆ ಹೋಗಬೇಕು. ರೂಢಿ ಇಲ್ಲದವರಿಗೆ ಹತ್ತಲು ನಾಲ್ಕೈದು ಗಂಟೆ ಬೇಕು. ಬೆಳಿಗ್ಗೆ ಆರೂವರೆಗೆ ಕಾಲು ಕೀಳದವರು ನೆತ್ತಿ ಕಾಣುವ ಆಸೆ ಬಿಡುವುದು ವಾಸಿ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸಿಗೆ. ಮರಗಳ ಅಡಿಯಲ್ಲಿ ಐದೂವರೆಗೇ ದಾರಿ ಕಾಣುವುದಿಲ್ಲ. ಮಧ್ಯಾಹ್ನ 12.30ಕ್ಕೆ ಎಲ್ಲಿದ್ದರೆ ಅಲ್ಲಿಂದ ತಿರುಗಬೇಕು, ಅರ್ಬಿಯ ಸದ್ದು ಕೇಳುತ್ತಿದ್ದರೂ ಸರಿಯೇ.

ದುರ್ಗದ ಕಡೆಯದು ಸುಲಭದ ದಾರಿ ಎಂಬ ಮಾತಿದೆ. ಅರ್ಧ ನಿಜ. ಹೋಗುವಾಗ ಇಳಿತ ಇರುವುದರಿಂದ ಹಗುರ ಅನ್ನಿಸುತ್ತದೆ. ಅದೇ ಇಳಿತ ಹಿಂದಿರುಗುವಾಗ ಏರಾಗಿ, ಸುಸ್ತಾದ ಕಾಲಿಗೆ, ಮಧ್ಯಾಹ್ನದ ಬಿಸಿಲಿನಲ್ಲಿ ಎದುರಾಗುತ್ತದೆ. ಬೋಳುಗುಡ್ಡದಲ್ಲಿ ದನಗಳ ಜಾಡು ಹತ್ತಾರು. ಮಂಜು ಕವಿದರೆ ಹತ್ತು ಮಾರು ಆಚೆಗಿನದು ಕಾಣದು. ಇನ್ನೊಬ್ಬರು ನಡೆದ ಜಿಪಿಎಸ್ ಜಾಡನ್ನು ಮೊಬೈಲಿಗೆ ಇಳಿಸಿಕೊಂಡು ಬರುವವರಿದ್ದಾರೆ. ಆ ಇನ್ನೊಬ್ಬರು ದಾರಿ ತಪ್ಪಿ ಸುತ್ತಿದ ಸುತ್ತೂ ಅದರಲ್ಲಿ ಸೇರಿರುತ್ತದೆ ಎಂಬುದು ನೆನಪಿರಲಿ. ಊರಿನ ಒಬ್ಬರನ್ನು ಜತೆಗೆ ಕರೆದುಕೊಂಡು ಹೋಗುವುದಕ್ಕಿಂತ ಒಳ್ಳೆಯ ನಕ್ಷೆ ಇನ್ನೂ ಬಂದಿಲ್ಲ.

ಈಗ ನೆತ್ತಿಯ ವಿಚಾರ. ಇಂಥ ಜಲಪಾತಗಳ ತುದಿಬಂಡೆ ಗೋಡೆಯ ಹಾಗೆ ಥಟ್ಟನೆ ಕಡಿದಿರುವುದಿಲ್ಲ. ಮಗುಚಿದ ಬಾಣಲೆಯ ಬೆನ್ನಿನಂತೆ ಬಾಗುತ್ತ ಹೋಗುತ್ತದೆ. ಎಲ್ಲಿಂದ ಜಾರು ಶುರು ಎಂಬುದು ಕಾಲಿಗೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಬೂದು ಬಣ್ಣದ ಒಣ ಬಂಡೆ ಕಾಲು ಹಿಡಿಯುತ್ತದೆ. ಅದರ ಪಕ್ಕದಲ್ಲೇ ಕಪ್ಪಗೆ ಮಿರುಗುವುದು ಹಾವಸೆ. ಸಾವಿರಾರು ರೂಪಾಯಿಯ ಬೂಟೂ ಅಲ್ಲಿ ನಿಲ್ಲದು. ಉದ್ದಕ್ಕೆ ಬಿದ್ದು ಜಾರಿದರೂ ಅಂಚು ಮುಟ್ಟದಷ್ಟು ದೂರ ಕೂರಬೇಕು, ಅಂದರೆ ಕಡಿಮೆಯೆಂದರೂ ಮೂರಾಳುದ್ದ. ಕೊಲ್ಲೂರು ಬಳಿಯ ಅರಿಶಿನಗುಂಡಿಯಲ್ಲಿ 2023ರ ಜುಲೈನಲ್ಲಿ ಯುವಕನೊಬ್ಬ ಬಂಡೆಯ ಮೇಲೆ ನಿಂತಲ್ಲಿಂದಲೇ ಜಾರಿ ನೀರುಪಾಲಾದ ವಿಡಿಯೊವನ್ನು ಎಲ್ಲರೂ ನೋಡಿದ್ದಾರೆ. ಅವನು ಓಡಿರಲಿಲ್ಲ, ಹಾರಿರಲಿಲ್ಲ.

ಅಕ್ಟೋಬರ್-ನವೆಂಬರಿನ ಇನ್ನೊಂದು ಮೋಸ ಹಿಂಗಾರಿನ ಮಧ್ಯಾಹ್ನದ ಗುಡುಗುಮಳೆ. ನಿಂತಲ್ಲಿ ಬಿಸಿಲು ಕಾಯುತ್ತಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದದ್ದು ತೊರೆಯಲ್ಲಿ ಇಳಿದು ಬರುತ್ತದೆ. ನೀರಿನ ಅಂಚಿನಲ್ಲಿ ಕೂರುವ ಮೊದಲು ಅಂಚಿಗೆ ಸರಿಯಾಗಿ ಮುಷ್ಟಿಗಾತ್ರದ ಒಂದು ಕಲ್ಲಿಟ್ಟು ಆಗಾಗ ಕಣ್ಣು ಹಾಯಿಸುತ್ತಿರಿ. ಕಲ್ಲಿನ ಬುಡ ನೆನೆದರೆ ಎದ್ದುಬಿಡಿ. ಇನ್ನೂ ಸ್ವಲ್ಪ ನೋಡೋಣ ಎನ್ನುವುದು ಬೇಡ. ತರಗೆಲೆ, ಕಡ್ಡಿಗಳು ಒಮ್ಮೆಗೇ ಹೆಚ್ಚು ತೇಲಿಬಂದರೆ, ತಿಳಿನೀರು ಚಹಾದ ಬಣ್ಣಕ್ಕೆ ತಿರುಗಿದರೆ, ಸದ್ದು ದಪ್ಪವಾದರೆ, ನಿಮ್ಮ ದಾರಿ ಯಾವ ದಡದಲ್ಲಿದೆಯೋ ಆ ದಡಕ್ಕೆ ಆಗಲೇ ಸೇರಿರಬೇಕು. ಆಚೆ ದಡದಲ್ಲಿ ಸಿಕ್ಕಿಬಿದ್ದರೆ ನೀರು ಇಳಿಯುವವರೆಗೆ ಕಾಯುವುದೇ ಸರಿ. ಮೊಣಕಾಲು ಮುಟ್ಟುವ ರಭಸದ ನೀರು ಗಟ್ಟಿ ಆಳನ್ನೂ ಕೆಡವುತ್ತದೆ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ದಾಟುವುದಂತೂ ಬೇಡವೇ ಬೇಡ: ಕಾಲು ತಪ್ಪಿದರೆ ಬಿಗಿದ ಹಗ್ಗವೇ ಮನುಷ್ಯನನ್ನು ನೀರಿನಡಿಗೆ ಅದುಮಿ ಹಿಡಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ದಾರಿ ತಪ್ಪಿದಾಗಿನ ಮಾತು. ‘ಹಳ್ಳದ ಜಾಡು ಹಿಡಿದು ಇಳಿದರೆ ಊರು ಸಿಗುತ್ತದೆ’ ಎಂಬ ಹಳೆಯ ತಿಳಿವಳಿಕೆ ಬಯಲುಸೀಮೆಗೆ ಸರಿ. ಘಟ್ಟದ ಅಂಚಿನಲ್ಲಿ ಹಳ್ಳದ ಜಾಡು ಹಿಡಿದವನು ತಲುಪುವುದು ಇನ್ನೊಂದು ಅರ್ಬಿಯ ನೆತ್ತಿಯನ್ನು. ಒಂದೆರಡು ಕಡೆ ಬಂಡೆ ಹಿಡಿದು ಇಳಿದಿರುತ್ತಾನೆ. ಮುಂದೆ ಇಳಿಯಲಾಗದು, ಹಿಂದಕ್ಕೆ ಹತ್ತಲೂ ಆಗದು. ಇಂಥ ಕೊರಕಲಿನೊಳಗೆ ಮೊಬೈಲಿಗೆ ಸಿಗ್ನಲ್ ಸಿಗುವುದೂ ಕಷ್ಟ, ನೀರಿನ ಸದ್ದಿನಲ್ಲಿ ಹುಡುಕಲು ಬಂದವರ ಕೂಗೂ ಕೇಳದು. ಗುರುತಿದ್ದ ಕೊನೆಯ ಜಾಗಕ್ಕೆ ಬಂದ ದಾರಿಯಲ್ಲೇ ಮರಳಬೇಕು. ಅದೂ ಆಗದಿದ್ದರೆ ಬಯಲಾದ ಏಣಿನ (ಗುಡ್ಡದ ಬೆನ್ನಿನ) ಮೇಲೆ ಒಂದೇ ಕಡೆ ಕೂತು 112ಕ್ಕೋ ಅರಣ್ಯ ಇಲಾಖೆಯ 1926ಕ್ಕೋ ಕರೆ ಮಾಡಬೇಕು. ಗುಡುಗು ಶುರುವಾದರೆ ಮಾತ್ರ ಏಣಿನಿಂದ ತುಸು ಕೆಳಗೆ ಸರಿಯಬೇಕು. ತಂಡದಲ್ಲಿ ಒಂದು ಮೊಬೈಲನ್ನಾದರೂ ಬೆಳಿಗ್ಗೆಯಿಂದಲೇ ಆಫ್ ಮಾಡಿ ಚೀಲದಲ್ಲಿ ಇಟ್ಟಿರಬೇಕು. ಎಲ್ಲರದೂ ಫೋಟೊ ತೆಗೆದೇ ಖಾಲಿಯಾಗುತ್ತದೆ.

ಉಂಬಳದ (ಕಾಡಿನ ಜಿಗಣೆಯ) ಬಗ್ಗೆ ಲೇಖನಗಳು ಬೇಕಾದಷ್ಟು ಹೆದರಿಸಿವೆ. ಕಾಲುಚೀಲಕ್ಕೆ ಹೊಗೆಸೊಪ್ಪಿನ ಪುಡಿ ಉಜ್ಜಿಕೊಂಡರೆ ಸಾಕು. ಕಚ್ಚಿದರೂ ರಕ್ತ ಒಂದಿಷ್ಟು ಹೊತ್ತು ಒಸರಿ ನಿಲ್ಲುತ್ತದೆ.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಾತ್ರೆ ನೆರೆದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬೇಕೆಂದಿತು. ಒಳ್ಳೆಯದೇ. ಟಿಕೆಟ್ಟಿನ ಜತೆಗೆ ತಿರುಗುವ ಹೊತ್ತು, ನೀರು ಸಿಗುವ ಜಾಗ ಮತ್ತು ‘ಹಳ್ಳದಗುಂಟ ಇಳಿಯಬೇಡಿ’ ಎಂಬ ಒಂದು ಸಾಲನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕಳಿಸಲು ಇಲಾಖೆಗೆ ಖರ್ಚೇನೂ ಇಲ್ಲ. ಹುಲ್ಲುಗಾವಲಿನಲ್ಲಿ ಜಾಡು ಕವಲೊಡೆಯುವ ಕಡೆ ಸೊಂಟದೆತ್ತರದ ಕಲ್ಲುಕಂಬ ನೆಟ್ಟರೂ ಸಾಕು. ತಮ್ಮ ಪತ್ರಿಕೆಯೂ ಮುಂದಿನ ಸಲ ಆ ಬಿಳಿ ಗೆರೆಯ ಚಿತ್ರ ಹಾಕುವಾಗ, ಅದನ್ನು ಎಲ್ಲಿ ನಿಂತು ತೆಗೆದದ್ದು ಎಂಬುದನ್ನು ಅಡಿಯಲ್ಲಿ ಬರೆಯಬೇಕಾಗಿ ವಿನಂತಿ.

– ಚಾರಣಿಗರಿಗೆ ದಾರಿ ತೋರುವವರು, ಬೆಳ್ತಂಗಡಿ ತಾಲ್ಲೂಕು